ಎಡಗಾಲಿನ ಲಾಳ

"ನಿಲ್ಸಿ. ಇಪ್ಪತ್ತೆರಡನೇ ನಿಮಿಷದಿಂದ ಇನ್ನೊಂದ್ಸಲ ಹಾಕಿ," ಅಂದಳು ಇನ್ಸ್‌ಪೆಕ್ಟರ್ ರೂಪಶ್ರೀ.

ಬೂವನಹಳ್ಳಿ ವಿಮಾನ ನಿಲ್ದಾಣದ ಟವರ್ ಅಧಿಕಾರಿ ಅರುಣ್‌ಕುಮಾರ್ ನಾಲ್ಕನೇ ಸಲ ಗುಂಡಿ ಒತ್ತಿದ. ಕೋಣೆಯ ತುಂಬ ಕ್ಯಾಪ್ಟನ್ ಭಾನುಪ್ರಿಯಾಳ ದನಿ ಹರಡಿತು.

ಸೋಮವಾರ ಬೆಳಿಗ್ಗೆ ಅವಳು ಹೈದರಾಬಾದಿನಿಂದ ತಂದ ವಿಮಾನದ ಎಡಗಾಲು, ಅಂದರೆ ಎಡಚಕ್ರದ ಕಂಬ, ಇಳಿಯುವಾಗ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಒಳಗೆ ಐವತ್ತೆರಡು ಜನ. ಆ ವಿಮಾನವನ್ನು ಬೇಕೆಂದೇ ಕೆಡಿಸಿದ ಎಂದು ನೆಲದ ಮೇಲೆ ವಿಮಾನ ಎಳೆಯುವ ಗಾಡಿಯ ಡ್ರೈವರ್ ಕೆಂಪಣ್ಣನನ್ನು ಮಂಗಳವಾರ ರಾತ್ರಿಯೇ ಹಿಡಿದು ತಂದು ಹಾಸನದ ಠಾಣೆಯಲ್ಲಿ ಕೂರಿಸಿದ್ದರು. ಇವತ್ತು ಬುಧವಾರ, ಸಂಜೆ ಆರಕ್ಕೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ವಿಮಾನ ಕೆಡವಲು ನೋಡಿದ ಎಂಬ ಆರೋಪ ಹತ್ತಿಕೊಂಡರೆ ಐವತ್ತೆಂಟರ ಆ ಮನುಷ್ಯ ಮತ್ತೆ ತನ್ನ ಮನೆಯ ಹೊಸ್ತಿಲು ದಾಟುವುದು ಅನುಮಾನ.

ರೂಪಶ್ರೀಗೆ ಅದು ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು. ಕೆಂಪಣ್ಣನ ಎರಡೂವರೆ ಎಕರೆ ರನ್‌ವೇ ಕೆಳಗೆ ಹೋಗಿದ್ದು ನಿಜ. "ನನ್ ವಲದ್ ಮ್ಯಾಲೆ ಅದೆಂಗ್ ಇಳೀತದೋ ನೋಡೇ ಬುಡ್ತೀನಿ" ಎಂದು ಅವನು ನಾಲ್ಕು ವರ್ಷದ ಹಿಂದೆ ಧರಣಿಯಲ್ಲಿ ಕೂಗಿದ್ದೂ ನಿಜ. ಹೋದ ವಾರ ಅಮಾವಾಸ್ಯೆಯ ದಿನ ಅವನು ವಿಮಾನದ ಎಡ ರೆಕ್ಕೆಯ ಕೆಳಗೆ ಬಗ್ಗಿ ಏನೋ ಮಾಡಿದ್ದು ಕ್ಯಾಮೆರಾದಲ್ಲಿ ಸಿಕ್ಕಿತ್ತು. ಮೇಲಿನವರಿಗೆ ಅಷ್ಟು ಸಾಕಾಗಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಸಾಹೇಬರು ಎಲ್ಲಾ ಇಲಾಖೆಯಲ್ಲೂ ಇರುತ್ತಾರೆ.

ಆದರೆ ಕೆಂಪಣ್ಣ ಬಾಯಿ ಬಿಡುತ್ತಿರಲಿಲ್ಲ. ಮಾಡಿದೆ ಅನ್ನಲಿಲ್ಲ, ಮಾಡಿಲ್ಲ ಅನ್ನಲೂ ಇಲ್ಲ.

ಟೇಪಿನ ಮೊದಲರ್ಧ ರೂಪಶ್ರೀಗೆ ಆಗಲೇ ಬಾಯಿಪಾಠ. ಎಡಗಾಲು ಇಳಿದು ಲಾಕ್ ಆಗಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ ಅಂದ ತಕ್ಷಣ ಭಾನುಪ್ರಿಯಾ ಇಳಿಯುವುದನ್ನು ಬಿಟ್ಟು ವಿಮಾನವನ್ನು ಮೇಲೆತ್ತಿದ್ದಳು. ಪಕ್ಕದ ಪೈಲಟ್ ಧನ್ಯಾಳಿಂದ ತುರ್ತು ಸೂಚನೆಗಳ ಪುಸ್ತಕ ತೆಗೆಸಿ ಸಾಲುಸಾಲಾಗಿ ಓದಿಸಿದ್ದಳು. ತುರ್ತು ಹಿಡಿಕೆ ಎಳೆದು, ಕಾಲು ತನ್ನ ಭಾರಕ್ಕೆ ತಾನೇ ಬೀಳಲಿ ಎಂದು ನೋಡಿದ್ದಳು. ಬಲಗಾಲು ಬಂತು, ಮೂಗಿನ ಚಕ್ರ ಬಂತು. ಎಡಗಾಲು ಜಪ್ಪಯ್ಯ ಅನ್ನಲಿಲ್ಲ. ಅಷ್ಟಾದರೂ ಆ ದನಿ ಅಂಗಡಿಯಲ್ಲಿ ಅರ್ಧ ಕೇಜಿ ಸಕ್ಕರೆ ಕೇಳುವ ಹಾಗೆಯೇ ಇತ್ತು. ಇಂಗ್ಲಿಷೇ, ಆದರೆ ಅರಕಲಗೂಡಿನ ನಿಧಾನದ ಇಂಗ್ಲಿಷು.

"ಟವರ್, ತಗ್ಗಿನಲ್ಲಿ ನಿಮ್ಮ ಮುಂದೆ ಹಾದು ಹೋಗ್ತೀನಿ. ದುರ್ಬೀನಿನಲ್ಲಿ ನೋಡಿ ಹೇಳಿ."

ಎಂಜಿನ್ನಿನ ಮೊರೆತ. ಆಮೇಲೆ ಅರುಣ್‌ಕುಮಾರನ ದನಿ: "ಕ್ಯಾಪ್ಟನ್, ಎಡಗಾಲು ಅರ್ಧ ಮಡಿಚಿದೆ. ಕೀಲಿನ ಒಳಗಡೆ ಏನೋ ಕಪ್ಪು ಬಟ್ಟೆ ನೇತಾಡ್ತಾ ಇದೆ."

ಆಮೇಲೆ ಏನೂ ಇಲ್ಲ.

ರೂಪಶ್ರೀ ಗಡಿಯಾರ ನೋಡುತ್ತಾ ಎಣಿಸಿದಳು. ಹನ್ನೊಂದು ಸೆಕೆಂಡು. ನಲವತ್ತೊಂದು ನಿಮಿಷದ ಆ ಟೇಪಿನಲ್ಲಿ ಕರೆದಾಗಲೆಲ್ಲ ಓಗೊಟ್ಟವಳು ಇಲ್ಲೊಂದು ಕಡೆ ಮಾತ್ರ ಹನ್ನೊಂದು ಸೆಕೆಂಡು ಕಲ್ಲಾಗಿದ್ದಳು.

"ಸರಿ. ಎಂಟು ಸಾವಿರ ಅಡಿಗೆ ಹೋಗ್ತೀನಿ. ಅಲ್ಲಾಡಿಸಿ ನೋಡ್ತೀನಿ," ಎಂದು ದನಿ ಮತ್ತೆ ಬಂತು.

"ಅಲ್ಲಾಡ್ಸೋದು ಪುಸ್ತಕದಲ್ಲಿ ಇದೆಯಾ?" ಕೇಳಿದಳು ರೂಪಶ್ರೀ.

"ಇಷ್ಟು ಬೇಗ ಯಾರೂ ಅದಕ್ಕೆ ಹೋಗಲ್ಲ ಮೇಡಂ. ಮೊದಲು ಎಣ್ಣೆ ಪೈಪು, ಒತ್ತಡ, ಅದೂ ಇದೂ ಅಂತ ಇನ್ನೂ ಹತ್ತು ನಿಮಿಷ ನೋಡ್ತಾರೆ. ಇವರು ಅದೆಲ್ಲ ಬಿಟ್ಟು ನೇರವಾಗಿ ಕುಲುಕೋಕೆ ಹೋದ್ರು." ಅರುಣ್‌ಕುಮಾರ್ ಕನ್ನಡಕ ತೆಗೆದ. "ಆಮೇಲೆ ಇಳಿಸಿದ್ದು ನಾನು ಕಣ್ಣಾರೆ ಕಂಡೆ ಮೇಡಂ. ಎಡಗಾಲು ಹೆಚ್ಚುಕಮ್ಮಿ ನೆಟ್ಟಗಾಗಿತ್ತು, ಆದ್ರೆ ದೀಪ ಹತ್ತಿರಲಿಲ್ಲ. ಯಾವಾಗ ಬೇಕಾದ್ರೂ ಮಡಿಚಿಕೊಳ್ಳಬಹುದು. ಎಡಗಡೆ ಪಂಖದ ಪಕ್ಕ ಕೂತಿದ್ದೋರ್ನೆಲ್ಲ ಎಬ್ಬಿಸಿ ಬಲಗಡೆಗೆ ಕೂರಿಸಿದ್ರು. ನೆಲ ಮುಟ್ಟೋಕೆ ಮುಂಚೆ ಎಡ ಎಂಜಿನ್ ಆರಿಸಿದ್ರು. ಬಲಗಾಲ ಮೇಲೆ ಇಳಿಸಿ ಎಡ ರೆಕ್ಕೇನ ಎತ್ತಿಹಿಡ್ಕೊಂಡೇ ಓಡಿಸಿದ್ರು. ಒಂಟಿಕಾಲಲ್ಲಿ, ಮೇಡಂ! ವೇಗ ಎಲ್ಲ ಸತ್ತ ಮೇಲೆ ಎಡಗಾಲನ್ನ ನೆಲಕ್ಕೆ ಇಟ್ರು ನೋಡಿ, ತೊಟ್ಟಿಲಲ್ಲಿ ಮಗು ಮಲಗಿಸ್ದಂಗೆ."

ಅವನ ಕಣ್ಣು ಒದ್ದೆಯಾಗಿತ್ತು. ರೂಪಶ್ರೀ ನೋಡದವಳಂತೆ ಟಿಪ್ಪಣಿ ಪುಸ್ತಕ ಮಗುಚಿದಳು. ಅವಳಿಗೂ ಎದೆ ತುಂಬಿತ್ತು ಅನ್ನುವುದನ್ನು ಮುಚ್ಚಿಡುವುದೇಕೆ? ಒಬ್ಬ ಪ್ರಯಾಣಿಕನ ಮೊಬೈಲಿನಲ್ಲಿ ಸಿಕ್ಕಿದ್ದ ಭಾನುಪ್ರಿಯಾಳ ಕನ್ನಡದ ಪ್ರಕಟಣೆಯನ್ನು ಅವಳು ರಾತ್ರಿ ಗಂಡನಿಗೂ ಕೇಳಿಸಿದ್ದಳು. "ನಾನು ಭಾನುಪ್ರಿಯಾ, ಅರಕಲಗೂಡಿನವಳು. ವಿಮಾನದ ಒಂದು ಕಾಲು ಮುಷ್ಕರ ಹೂಡಿದೆ. ಉಳಿದ ಎರಡು ನನ್ನ ಮಾತು ಕೇಳ್ತಾ ಇವೆ. ಸ್ವಲ್ಪ ಕುಲುಕಾಡುತ್ತೆ, ಹೆದರಬೇಡಿ. ಕಿಟಕಿಯಲ್ಲಿ ಗೊರೂರು ಡ್ಯಾಮ್ ಕಾಣ್ತಾ ಇದೆ, ನೋಡ್ಕೊಳಿ."

ಅಂಥ ಹೆಂಗಸು ಹನ್ನೊಂದು ಸೆಕೆಂಡು ಯಾಕೆ ಸುಮ್ಮನಾದಳು?

"ಧನ್ಯಾನ ಕೇಳಬೇಕಲ್ಲ. ಎಲ್ಲಿದಾರೆ?"

"ಕಂಪನೀದು ಇರೋದೇ ಎರಡು ವಿಮಾನ ಮೇಡಂ. ಒಂದು ಇಲ್ಲಿ ಕೂತಿದೆ. ಪೈಲಟ್‌ಗಳು ಸಾಲದು ಅಂತ ಇನ್ನೊಂದರಲ್ಲಿ ಅವರನ್ನ ಬೆಳಿಗ್ಗೇನೇ ಕಳಿಸಿದ್ರು. ನಾಲ್ಕೂವರೆಗೆ ವಾಪಸ್ ಬರ್ತಾರೆ."

ಅಷ್ಟರಲ್ಲಿ ಕೆಳಗಿನಿಂದ ಕರೆ ಬಂತು. ಎಡಗಾಲಿನ ಕೀಲು ಬಿಚ್ಚಿದ್ದರು.

* * *

ಷೆಡ್ಡಿನಲ್ಲಿ ವಿಮಾನವನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಎಂಜಿನಿಯರ್ ಮೋಹನ್‌ಕುಮಾರ್ ಇಕ್ಕಳದಲ್ಲಿ ಏನನ್ನೋ ಹಿಡಿದುಕೊಂಡು ಬೆವರುತ್ತಿದ್ದ.

"ಇದು ಮಡಿಚೋ ಕೀಲು ಮೇಡಂ. ಮದುವೆ ಮನೆ ಕಬ್ಬಿಣದ ಕುರ್ಚಿ ಇರುತ್ತಲ್ಲ, ಅದರ ಕಾಲಿದ್ದ ಹಾಗೆ. ಪೂರ್ತಿ ನೆಟ್ಟಗಾದ್ರೆ ಮಾತ್ರ ಲಾಕ್ ಆಗುತ್ತೆ. ಇದು ಮಧ್ಯೆ ಸಿಕ್ಕಿಹಾಕಿಕೊಂಡಿತ್ತು."

ಅಂಗೈಯಷ್ಟು ಉದ್ದದ, ಚಂದ್ರನ ಚೂರಿನಾಕಾರದ ಕಬ್ಬಿಣದ ತಗಡು. ಮಧ್ಯಕ್ಕೆ ಬಾಗಿತ್ತು. ಒಂದು ತೂತಿನಲ್ಲಿ ಕರಿ ದಾರದ ತುಂಡು, ಅದಕ್ಕೆ ಅಂಟಿಕೊಂಡ ಕಪ್ಪು ಬಟ್ಟೆಯ ಚಿಂದಿ.

"ಏನೋ ಬ್ರಾಕೆಟ್ ಇರಬೇಕು," ಅಂದ ಮೋಹನ್‌ಕುಮಾರ್.

"ಯಾವೂರು ನಿಮ್ಮದು?"

"ಚನ್ನರಾಯಪಟ್ಟಣ."

"ಚನ್ನರಾಯಪಟ್ಟಣದೋರಿಗೆ ಎತ್ತಿನ ಲಾಳ ಗೊತ್ತಿಲ್ವಾ?"

ಅವನು ತಲೆ ತಗ್ಗಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನ ಕೈ ತಾನಾಗಿಯೇ ಎದೆಯ ಜೇಬಿನ ಪೆನ್ನಿಗೆ ಹೋಯಿತು. ಅಮಾವಾಸ್ಯೆಯಿಂದ ಸೋಮವಾರದವರೆಗೆ ದಿನಾ 'ಪರೀಕ್ಷಿಸಲಾಗಿದೆ' ಎಂದು ರುಜು ಹಾಕಿದ್ದು ಆ ಪೆನ್ನೇ.

"ಕೀಲಿನ ಒಳಮಗ್ಗುಲಲ್ಲಿ ಕಟ್ಟಿದ್ದ ಮೇಡಂ. ಕಪ್ಪು ಗ್ರೀಸು, ಕಪ್ಪು ಬಟ್ಟೆ. ಕಾಣಲಿಲ್ಲ." ಜೇಬಿನಿಂದ ಕೈ ತೆಗೆದು ಹೇಳಿದ, "ತಲೆ ಒಳಗೆ ಹಾಕಿ ನೋಡಿದ್ರೆ ಕಾಣ್ತಿತ್ತು. ಹಾಕಲಿಲ್ಲ."

ತಪ್ಪು ಒಪ್ಪಿಕೊಂಡಿದ್ದಕ್ಕೆ ರೂಪಶ್ರೀಗೆ ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು.

"ಕಟ್ಟಿದ ಮೇಲೆ ಆರು ದಿನ ಹಾರಿದೆಯಲ್ಲ. ಆಗ ಯಾಕೆ ಸಿಕ್ಕಿಕೊಳ್ಳಲಿಲ್ಲ?"

"ಗಂಟು ಬಿಗಿ ಇರೋ ತನಕ ಪಕ್ಕದಲ್ಲೇ ಇತ್ತು. ಸೋಮವಾರ ಸಡಿಲ ಆಗಿ ಅಡ್ಡಡ್ಡ ಜಾರಿದೆ. ಕ್ಯಾಪ್ಟನ್ ಕುಲುಕಿದಾಗ ದಾರ ಕಿತ್ತು ಲಾಳ ಮಗ್ಗುಲಾಯ್ತು. ಅದಕ್ಕೇ ಕಾಲು ಅಷ್ಟಾದ್ರೂ ನೆಟ್ಟಗಾಗಿದ್ದು. ದಾರ ಕೀಳದೆ ಇದ್ದಿದ್ರೆ..."

ರೂಪಶ್ರೀ ಲಾಳವನ್ನು ಕರವಸ್ತ್ರದಲ್ಲಿ ಸುತ್ತಿದಳು. ಹೊಳೆನರಸೀಪುರದ ಅವಳ ಅಜ್ಜಿಯ ಮನೆಯ ಬಾಗಿಲ ಮೇಲೂ ಇಂಥದೊಂದು ಇತ್ತು. ವಿಮಾನ ಕೆಡವಬೇಕು ಅನ್ನುವವನು ಬೋಲ್ಟು ಸಡಿಲಿಸುತ್ತಾನೆ, ಕಲ್ಲು ತುರುಕುತ್ತಾನೆ. ಕಪ್ಪು ಬಟ್ಟೆಯಲ್ಲಿ ಸುತ್ತಿ, ಕರಿ ದಾರ ಹಾಕಿ, ಅಮಾವಾಸ್ಯೆಯ ದಿನ ಲಾಳ ಕಟ್ಟುವವನ ಮನಸ್ಸಿನಲ್ಲಿ ಇರುವುದು ಬೇರೆ. ಕೆಟ್ಟ ಕಣ್ಣು ಬೀಳದಿರಲಿ ಎಂದು ಕಟ್ಟಿದ್ದು ಇದು. ಕೇಡು ಬಗೆದು ಕಟ್ಟಿದ್ದಲ್ಲ.

ಹಾಗಾದರೆ ಕೆಂಪಣ್ಣ ಅದನ್ನು ಹೇಳಿ ಬಿಡುಗಡೆಯಾಗಬಾರದೆ? ಯಾರನ್ನು ಕಾಯುತ್ತಿದ್ದಾನೆ?

* * *

ಲಾಳ ಯಾರ ಕೆಲಸ ಎಂದು ಕೇಳಲು ರೂಪಶ್ರೀ ಹೋದದ್ದು ಚನ್ನರಾಯಪಟ್ಟಣದ ತೆಂಗಿನಕಾಯಿ ಮಾರುಕಟ್ಟೆಯ ಹಿಂದಿನ ಬಸವಲಿಂಗಮ್ಮನ ಅಂಗಡಿಗೆ. ಹಗ್ಗ, ಮೂಗುದಾರ, ಗಗ್ಗರ, ಲಾಳ, ಮೊಳೆ. ಟ್ರ್ಯಾಕ್ಟರು ಬಂದು ಇಪ್ಪತ್ತು ವರ್ಷವಾದರೂ ಆ ಹೆಂಗಸು ಅಂಗಡಿ ಮುಚ್ಚಿರಲಿಲ್ಲ. ಲಾಳವನ್ನು ಕೈಗೆ ಕೊಟ್ಟದ್ದೇ ತಡ, ಕನ್ನಡಕವನ್ನೂ ಹಾಕಿಕೊಳ್ಳದೆ ಹೆಬ್ಬೆರಳಲ್ಲಿ ಸವರಿದಳು.

"ಇದು ಅರಕಲಗೂಡು ಬೈರಣ್ಣನ ಕೈ ಕಣವ್ವ."

"ಅದ್ಹೇಗೆ ಹೇಳ್ತೀರಿ?"

"ತೂತ ನೋಡು. ಎಲ್ಲಾರೂ ದುಂಡ್ಗೆ ಒಡೀತಾರೆ. ಅವ್ನು ಕೊನೇ ತೂತ ಮಾತ್ರ ಚೌಕ ಒಡೀತಾನೆ. ಮೊಳೆ ತಿರುಗಾಕಿಲ್ಲ. ಅವ್ನು ಕಟ್ಟಿದ್ ಲಾಳ ಎತ್ತು ಸವೆಸಬೇಕೇ ವರ್ತು ಬೀಳಿಸೋದಿಲ್ಲ." ಅವಳು ಅದನ್ನು ಪ್ರೀತಿಯಿಂದ ತೂಗಿ ನೋಡಿದಳು. "ಈಗ ಎಲ್ಲೈತೆ ಇಂತ ಕೆಲ್ಸ?"

"ಬೈರಣ್ಣ ಅಂದ್ರೆ?"

"ಅಯ್ಯೋ ಶಿವನೇ! ಪೊಲೀಸ್ನೋರು ಪೇಪರ್ ಓದಾಕಿಲ್ವಾ? ಆವತ್ತು ಇಮಾನ ಇಳಿಸುದ್ಲಲ್ಲ ಭಾನುಪ್ರಿಯ, ಅವಳಪ್ಪ. ಸಂತೇಲಿ ಲಾಳ ಕಟ್ಟಿ ಮಗಳ್ನ ಆಕಾಶಕ್ಕೆ ಅತ್ತಿಸ್ದ ಪುಣ್ಯಾತ್ಮ."

ರೂಪಶ್ರೀ ಜೀಪಿಗೆ ಓಡಿದಳು. ಹೊಳೆನರಸೀಪುರದಲ್ಲಿ ತವರುಮನೆಯ ಮುಂದೆಯೇ ಹಾದರೂ ಇಳಿಯಲಿಲ್ಲ. ಅಷ್ಟು ದೂರವೂ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಕಪ್ಪು ಬಟ್ಟೆ ಅಂತ ಕಿವಿಗೆ ಬಿದ್ದ ಕೂಡಲೇ ಭಾನುಪ್ರಿಯಾಗೆ ಗೊತ್ತಾಗಿದೆ. ಎರಡು ದಿನದಿಂದ ಗೊತ್ತಿದ್ದೂ ಸುಮ್ಮನಿದ್ದಾಳೆ. ಅತ್ತ ಕೆಂಪಣ್ಣ ಠಾಣೆಯ ನೆಲದ ಮೇಲೆ ಮಲಗಿದ್ದಾನೆ.

ಮೆಚ್ಚಿದವರ ಮೇಲೆ ಬರುವ ಸಿಟ್ಟು ಬೇರೆಯದೇ. ಅದು ತುಂಬ ಸುಡುತ್ತದೆ.

* * *

ಅರಕಲಗೂಡಿನ ಕೊನೆಯ ಬೀದಿಯಲ್ಲಿ ಎರಡು ಕೋಣೆಯ ತಾರಸಿ ಮನೆ. ಮುಂದಿನ ಚಪ್ಪರದಲ್ಲಿ ಅಡಿಗಲ್ಲು, ಸುತ್ತಿಗೆ, ತಿದಿ. ಒಳಗೆ ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಅವರ ಕೆಳಗೆ ನಾಲ್ಕು ಪಟ್ಟೆಯ ಸಮವಸ್ತ್ರ ತೊಟ್ಟ ಭಾನುಪ್ರಿಯಾಳ ಫೋಟೊ.

ತನಿಖೆ ಮುಗಿಯುವವರೆಗೆ ಹಾರುವ ಹಾಗಿಲ್ಲ ಎಂದು ಕಂಪನಿ ಅವಳನ್ನು ಮನೆಗೆ ಕಳಿಸಿತ್ತು. ಹಳೆಯ ಚೂಡಿದಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಮೂವತ್ನಾಲ್ಕರ ಹೆಂಗಸನ್ನು ಕಂಡು ಟೇಪಿನ ದನಿ ಇವಳದೇ ಎಂದು ನಂಬುವುದು ಕಷ್ಟವಾಯಿತು. ಊರಿಗೆಲ್ಲ ಬೈರಣ್ಣನಾಗಿದ್ದ ತಂದೆ ಬೈರಯ್ಯ ಎದ್ದು ಕುರ್ಚಿ ಕೊಟ್ಟರು. ತಾಯಿ ಸಣ್ಣಕ್ಕ ನೀರು ತಂದಳು.

ರೂಪಶ್ರೀ ಕೂರಲಿಲ್ಲ. ಕರವಸ್ತ್ರ ಬಿಚ್ಚಿ ಲಾಳವನ್ನು ಅವರೆಕಾಯಿ ಮೊರದ ಪಕ್ಕದಲ್ಲಿ ಇಟ್ಟಳು.

ಬೈರಯ್ಯ ಬಗ್ಗಿ ನೋಡಿದರು. "ನಮ್ದೇ ಕೆಲ್ಸ," ಅಂದರು ಸಲೀಸಾಗಿ. "ಎಲ್ಲಿ ಸಿಕ್ತು?"

"ನಿಮ್ಮ ಮಗಳ ವಿಮಾನದ ಎಡಗಾಲಲ್ಲಿ."

ಸಣ್ಣಕ್ಕನ ಕೈಯ ಚೊಂಬು ತಟ್ಟೆಗೆ ತಾಗಿ ಟಣ್ ಅಂದಿತು.

"ಕ್ಯಾಪ್ಟನ್," ಅಂದಳು ರೂಪಶ್ರೀ. "ಇಪ್ಪತ್ತೆರಡನೇ ನಿಮಿಷದಲ್ಲಿ ಹನ್ನೊಂದು ಸೆಕೆಂಡು ಯಾಕೆ ಸುಮ್ಮನಿದ್ರಿ?"

ಭಾನುಪ್ರಿಯಾ ಕೈಯಲ್ಲಿದ್ದ ಕಾಯನ್ನು ಸುಲಿದು ಮುಗಿಸಿದಳು. "ನಾನೇ ಕಟ್ಟಿದ್ದು. ಬರ್ಕೊಳಿ. ಕೆಂಪಣ್ಣನ್ನ ಬಿಟ್ಬಿಡಿ."

"ಎರಡು ದಿನದ ಮೇಲೆ?"

"ತಪ್ಪಾಯ್ತು. ಧೈರ್ಯ ಬರಲಿಲ್ಲ."

"ಎಂಜಿನ್ ಆರಿಸಿ ಒಂಟಿಕಾಲಲ್ಲಿ ವಿಮಾನ ಇಳಿಸೋಕೆ ಧೈರ್ಯ ಬಂತು, ಒಂದು ಮಾತು ಹೇಳೋಕೆ ಬರಲಿಲ್ವಾ?"

"ಅದು ನನ್ನ ಕೆಲಸ," ಅಂದಳು ಭಾನುಪ್ರಿಯಾ. "ಕಲಿಸಿದ್ರು, ಕಲ್ತೆ. ಇದನ್ನ ಯಾರೂ ಕಲಿಸಿರಲಿಲ್ಲ."

"ಸುಳ್ಳು ಹೇಳೋದನ್ನೂ ಕಲಿಸಿಲ್ಲ ಅಂತ ಕಾಣುತ್ತೆ." ರೂಪಶ್ರೀ ಬಾಗಿಲ ಕಡೆ ಕೈ ತೋರಿಸಿದಳು. "ಈ ಬೀದೀಲಿ ಎಲ್ಲಾ ಮನೆ ಬಾಗಿಲಿಗೂ ಲಾಳ ಇದೆ. ಲಾಳ ಮಾಡೋರ ಮನೆ ಬಾಗಿಲಿಗೇ ಇಲ್ಲ. ನಿಮ್ಮ ತಂದೆ ಇಂಥಾದ್ದನ್ನ ನಂಬಲ್ಲ, ನೀವೂ ನಂಬಲ್ಲ. ಮೇಲಾಗಿ ಆ ಕೀಲು ಹೇಗೆ ಮಡಿಚುತ್ತೆ ಅಂತ ಗೊತ್ತಿರೋಳು ಅಲ್ಲಿಗೆ ಕಬ್ಬಿಣ ಕಟ್ತಾಳಾ? ನಿಮ್ಮ ಕೆಲಸ ನೋಡಿದ ಮೇಲೂ ನಾನು ಇದನ್ನ ನಂಬಿದ್ರೆ ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ."

ಭಾನುಪ್ರಿಯಾಳ ಕಣ್ಣು ಕ್ಷಣಮಾತ್ರ ಅಡುಗೆಮನೆಯ ಕಡೆ ಹೋಯಿತು. ಅಷ್ಟೇ ಸಾಕಾಯಿತು.

ಬೈರಯ್ಯ ಹೆಂಡತಿಯ ಕಡೆ ತಿರುಗಿದರು. "ಸಣ್ಣೀ?"

ಸಣ್ಣಕ್ಕ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. "ನಾನೇ ಕಣೇಳಿ. ನಾನೇ," ಅಂದಳು. ಆಮೇಲೆ ಕಟ್ಟೆ ಒಡೆದಂತೆ ಮಾತು ಬಂತು. "ಅಮಾಸೆ ದಿನ ಇವ್ಳು ಮೊದ್ಲನೇ ಸಲ ಕ್ಯಾಪ್ಟನ್ ಆಗಿ ನಮ್ಮೂರ್ಗೆ ಇಳಿಸ್ತಾಳೆ ಅಂದ್ರಲ್ಲ, ನಿಮ್ಗೂ ಯೋಳ್ದೆ ಬಸ್ಸತ್ತಿ ಓದೆ. ಬೇಲಿ ಪಕ್ಕ ಜನವೋ ಜನ. ಎಲ್ಲಾರ ಬಾಯಲ್ಲೂ ನನ್ ಮಗ್ಳೇ. 'ಆ ಲಾಳದ ಬೈರನ ಮಗಳಂತೆ, ಅಷ್ಟು ದೊಡ್ ಇಮಾನವಂತೆ' ಅಂತ. ಒಳ್ಳೆ ಕಣ್ಣೂ ಇದ್ವು, ಉರ್ಯೋ ಕಣ್ಣೂ ಇದ್ವು. ಎದೆ ಧಸಕ್ ಅಂತು. ಬ್ಯಾಗಲ್ಲಿ ಲಾಳ ಇಟ್ಕೊಂಡೇ ಓಗಿದ್ದೆ. ನೀವು ಬೋದು ಈ ನಂಬ್ಕೆ ಎಲ್ಲಾ ಬುಡ್ಸಿದ್ರಿ, ನಾನ್ ಬುಡ್ಲಿಲ್ಲ."

"ಕೆಂಪಣ್ಣಂಗೆ ಕೊಟ್ರಾ?" ಕೇಳಿದಳು ರೂಪಶ್ರೀ.

"ಆ ಅಣ್ಣ ನೀರು ಕೊಟ್ಟ. 'ನಿನ್ ಮಗಳಾ ತಾಯಿ? ನನ್ ವಲದ್ ಮ್ಯಾಲೆ ಇಳೀತಾವ್ಳೆ. ಇನ್ ಯಾರ್ ಇಳುದ್ರೂ ಒಟ್ಟೆ ಉರೀತಿತ್ತು, ಇವ್ಳು ಇಳುದ್ರೆ ಉರಿಯಾಕಿಲ್ಲ' ಅಂದ. ನನ್ ಹೆಸ್ರು ಯಾರ್ಗೂ ಯೋಳ್ಬ್ಯಾಡ, ಗೊತ್ತಾದ್ರೆ ಮಗಳ್ ಕೆಲ್ಸ ಓಯ್ತದೆ ಅಂದೆ. ತಲೆ ಮ್ಯಾಲೆ ಕೈಯಿಟ್ಟು ಆಣೆ ಮಾಡ್ದ." ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ನಾನು ಕಾಪಾಡು ಅಂತ ಕಟ್ಟಿಸ್ದೆ. ಐವತ್ತೆರಡು ಜನನ ಕೊಲ್ತಿದ್ನಲ್ಲಾ."

ಭಾನುಪ್ರಿಯಾ ಎದ್ದು ತಾಯಿಯನ್ನು ತಬ್ಬಿಕೊಂಡಳು. "ನನ್ನ ಸೈಕಲ್ಲಿಗೂ ಹೀಗೇ ಕಟ್ಟಿದ್ಲು ಮೇಡಂ," ಅಂದಳು ರೂಪಶ್ರೀಯ ಕಡೆ ನೋಡದೆ. "ಕಪ್ಪು ಬಟ್ಟೆ ಅಂದ ತಕ್ಷಣ ಗೊತ್ತಾಯ್ತು. ಅವ್ವನ ಕರಿ ದಾರ ಎಷ್ಟು ಗಟ್ಟಿ ಅಂತ ಗೊತ್ತಿತ್ತು. ಕುಲುಕಿದ್ರೆ ಕಿತ್ತುಹೋಗುತ್ತೆ ಅಂತಾನೂ ಗೊತ್ತಿತ್ತು."

ಬೈರಯ್ಯ ಬೈಯುತ್ತಾರೆ ಅಂದುಕೊಂಡಳು ರೂಪಶ್ರೀ. ಅವರು ಬೈಯಲಿಲ್ಲ. ಗೂಟದಲ್ಲಿದ್ದ ಅಂಗಿ ತೊಟ್ಟರು.

"ನಡೀರಿ ಮೇಡಂ. ನಾವು ಮೂರು ಜನಾನೂ ಬತ್ತೀವಿ. ಒಬ್ಬ ಬೇಸಾಯಗಾರ ನನ್ ಎಂಡ್ತಿಗೆ ಕೊಟ್ಟ ಮಾತ್ಗೆ ಜೈಲಿಗೋಗ್ತಾನೆ ಅಂದ್ರೆ, ನಾನು ಇಲ್ಲಿ ಉಣ್ಣಾಕಾಯ್ತದಾ?"

ಆ ಮನೆಯವರಿಗೆ ಕೈಮುಗಿಯಬೇಕು ಎಂದು ರೂಪಶ್ರೀಗೆ ಅನ್ನಿಸಿತು. ಅದನ್ನು ಮಾಡಲಾರದೆ ಠಾಣೆಗೆ ಫೋನ್ ಮಾಡಿದಳು. ಗಂಟೆ ನಾಲ್ಕೂ ಇಪ್ಪತ್ತು. ಹೆಡ್ ಕಾನ್‌ಸ್ಟೇಬಲ್ ಪೃಥ್ವಿರಾಜ್ ಎತ್ತಿದ.

"ಕೆಂಪಣ್ಣಂಗೆ ಫೋನ್ ಕೊಡು. ಸಣ್ಣಕ್ಕನೇ ಎಲ್ಲಾ ಹೇಳಿದ್ರು ಅಂತ ಹೇಳಿ ಕೊಡು. ಕೋರ್ಟಿಗೆ ಕರ್ಕೊಂಡು ಹೋಗೋದು ಬೇಡ, ನಾನು ಸಾಹೇಬ್ರ ಹತ್ರ ಮಾತಾಡ್ತೀನಿ."

ಸ್ಪೀಕರಿನಲ್ಲಿ ಒಂದು ದೊಡ್ಡ ಉಸಿರು ಕೇಳಿಸಿತು. ನಿನ್ನೆ ರಾತ್ರಿಯಿಂದ ಯಾರೂ ಕೇಳದ ದನಿ.

"ಆ ತಾಯೇ ಯೋಳುದ್ರಾ? ಅಂಗಾದ್ರೆ ಇನ್ ನನ್ ಆಣೆ ತೀರ್ತು ಕಣವ್ವ."

"ಅಣ್ಣಾ, ನನ್ನಿಂದ ನಿಂಗೆ ಎಂತಾ ಕಷ್ಟ ಬಂತಪ್ಪಾ," ಎಂದು ಸಣ್ಣಕ್ಕ ಫೋನಿನ ಕಡೆ ಬಾಗಿ ಅತ್ತಳು. "ಆ ಜೋಡಿ ಲಾಳ ನಿನ್ ಕೈಗ್ ಕೊಡ್ದೆ ಇದ್ದಿದ್ರೆ..."

ರೂಪಶ್ರೀಯ ಕಿವಿ ನೆಟ್ಟಗಾಯಿತು. "ಜೋಡಿ?"

"ಎತ್ತಿನ್ ಗೊರಸು ಸೀಳಿರ್ತದಲ್ಲ ಮೇಡಂ," ಅಂದರು ಬೈರಯ್ಯ. "ಒಂದು ಕಾಲಿಗೆ ಎರಡು ತುಂಡು. ಯಾವಾಗ್ಲೂ ಜೋಡೀನೇ."

"ಕೆಂಪಣ್ಣ, ಇನ್ನೊಂದೆಲ್ಲಿ?"

"ಇನ್ನೊಂದು ಇಮಾನಕ್ಕೆ ಕಟ್ದೆ." ಅವನ ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. "ಕೊಟ್ಟಿಗೇಲಿ ಎರಡ್ ಎತ್ ಇಟ್ಕೊಂಡು ಒಂದ್ಕೆ ಕಟ್ಟಿ ಇನ್ನೊಂದ್ಕೆ ಬುಡಾಕಾಯ್ತದಾ? ಅದೂ ನಾನೇ ಎಳ್ಯೋ ಇಮಾನ. ಪಾಪ ಅನ್ನುಸ್ತು."

ಇನ್ನೊಂದು ವಿಮಾನ! ಬೆಳಿಗ್ಗೆಯಿಂದ ಊರೂರು ಸುತ್ತಿದ ರೂಪಶ್ರೀಗೆ ಅದು ತಲೆಗೇ ಹೋಗಿರಲಿಲ್ಲ. ಭಾನುಪ್ರಿಯಾ ಆಗಲೇ ತನ್ನ ಫೋನಿನ ಸ್ಪೀಕರಿನಲ್ಲಿ ಟವರನ್ನು ಹಿಡಿದಿದ್ದಳು. ಒಂದು ಕ್ಷಣದಲ್ಲಿ ಅವರೆಕಾಯಿ ಸುಲಿಯುವ ಹೆಂಗಸು ಮಾಯವಾಗಿ ಟೇಪಿನ ದನಿ ಆ ಮನೆಯಲ್ಲಿ ನಿಂತಿತ್ತು.

"ಅರುಣ್, ಭಾನುಪ್ರಿಯಾ. ಧನ್ಯಾ ಎಲ್ಲಿದ್ದಾಳೆ?"

"ಕ್ಯಾಪ್ಟನ್, ನಾನೇ ನಿಮಗೆ ಮಾಡೋನಿದ್ದೆ!" ಅರುಣ್‌ಕುಮಾರನ ಉಸಿರು ಏರಿತ್ತು. "ಏಳೆಂಟು ನಿಮಿಷ ಆಯ್ತು ಚಕ್ರ ಇಳಿಸಿ. ಎಡಗಡೆ ದೀಪ ಹತ್ತಿಲ್ಲ. ತುರ್ತು ಹಿಡಿಕೇನೂ ಎಳೆದ್ರು. ಒಳಗೆ ಅರವತ್ತೊಂದು ಜನ."

ಸಣ್ಣಕ್ಕ ಮಗಳ ತೋಳು ಹಿಡಿದುಕೊಂಡಳು.

"ಎಷ್ಟು ಎತ್ತರದಲ್ಲಿದ್ದಾರೆ?" ಭಾನುಪ್ರಿಯಾಳ ದನಿ ಕೂದಲೆಳೆಯಷ್ಟೂ ಅಲುಗಲಿಲ್ಲ.

"ಎಂಟು ಸಾವಿರ ಮುಟ್ತಾ ಇದ್ದಾರೆ. ಗಾಬರಿ ಬೇಡ, ಅಕ್ಕ ಸೋಮವಾರ ಮಾಡಿದ್ದನ್ನ ಪಕ್ಕದಲ್ಲೇ ಕೂತು ನೋಡಿದ್ದೀನಿ, ಹಾಗೇ ಮಾಡ್ತೀವಿ ಅಂದ್ರು ಧನ್ಯಾ. ಜೋರಾಗೇ ಕುಲುಕ್ತಾರಂತೆ."

ಭಾನುಪ್ರಿಯಾ ಕಣ್ಣು ಮುಚ್ಚಿ ಉಸಿರು ಬಿಟ್ಟಳು. "ಸರಿ. ಕುಲುಕಲಿ. ಒಳ್ಳೆ ಹುಡುಗಿ. ದಾರ ಕಿತ್ತರೆ ಲಾಳ ಮಗ್ಗುಲಾಗುತ್ತೆ, ಆಮೇಲೆ ನಾನು ಹೇಳ್ತೀನಿ ಹೇಗೆ ಇಳಿಸೋದು ಅಂತ."

"ದಾರ ಅಲ್ಲ ಕಣವ್ವಾ," ಅಂದಿತು ಇನ್ನೊಂದು ಫೋನು.

ಎಲ್ಲರೂ ರೂಪಶ್ರೀಯ ಅಂಗೈಯನ್ನು ನೋಡಿದರು.

"ಮೊದಲ್ನೇದ್ಕೆ ದಾರ ಕಟ್ಟಿದ್ದೆ. ಮಾರ್ನೆ ದಿನ ನೋಡುದ್ರೆ ಗಾಳಿಗೆ ಸಡ್ಲ ಆದಂಗ್ ಕಾಣ್ತು, ಇನ್ನೊಂದ್ ಗಂಟಾಕ್ದೆ," ಅಂದ ಕೆಂಪಣ್ಣ. ಲಾಳವೇ ಕಾಲಿಗೆ ಅಡ್ಡ ಬಂದಿದ್ದು ಎಂಬುದು ಅವನಿಗೆ ಇನ್ನೂ ತಿಳಿದಿರಲಿಲ್ಲ. "ಅದ್ಕೇ ಎರಡ್ನೇದ್ಕೆ ಬೇಲಿ ತಂತಿ ಸುತ್ತಿ, ಇಕ್ಕಳದಲ್ಲಿ ತಿರುಚಿ ಬಿಗ್ದಿವ್ನಿ. ಲಾಳ ಅಂಗಿಂಗ್ ಜರುಗುದ್ರೂ ತಂತಿ ಏನ್ ಮಾಡುದ್ರೂ ಕಿತ್ಕೊಂಡ್ ಬರಾಕಿಲ್ಲ, ನೀವೇನೂ ಯೋಚ್ನೆ ಮಾಡ್ಬ್ಯಾಡಿ."

ಭಾನುಪ್ರಿಯಾ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಫೋನಿನಲ್ಲಿ ಅರುಣ್‌ಕುಮಾರ್ ಕೂಗಿದ.

"ಕ್ಯಾಪ್ಟನ್, ಮೊದಲ್ನೇ ಕುಲುಕು ಶುರು ಮಾಡಿದ್ರು!"